ಮಳೆಯ ಜೊತೆ ಗಾಳಿಯನ್ನೂ ಅಳೆಯುವ ರೇಡಾರ್

ಹಸಿ ಇಟ್ಟಿಗೆಗೆ ಮಳೆ ಬಿದ್ದರೆ ವಾರದ ದುಡಿಮೆ ಕೆಸರು. ಅದಕ್ಕೇ ಮೋಡ ಕವಿದರೆ ಊರಂಚಿನ ಇಟ್ಟಿಗೆ ಗೂಡಿನಲ್ಲಿ ಒಂದೇ ಪದ್ಧತಿ: ಎದೆಮಟ್ಟ ಪೇರಿಸಿದ ಸಾಲಿಗೆ ಟಾರ್ಪಾಲು ಹೊದಿಸಿ, ಅದರ ಅಂಚನ್ನು ತಮ್ಮ ಕೆಳಗೆ ಹಾಕಿಕೊಂಡು, ಮನೆಮಂದಿಯೆಲ್ಲ ಸಾಲಿಗೆ ಒರಗಿ ಕೂರುವುದು.

ಅವತ್ತು ಮಧ್ಯಾಹ್ನ ಮೊಬೈಲಿಗೆ ಹವಾಮಾನ ಇಲಾಖೆಯ ಸಂದೇಶ ಬಂತು. ಒಂದು ಗಂಟೆಯೊಳಗೆ ಬಿರುಗಾಳಿ, ಮಳೆ. ಗಟ್ಟಿ ಕಟ್ಟಡದೊಳಗೆ ಇರಿ. ಗೂಡಿನ ಯಜಮಾನ ಓದಿ ಮೂಗು ಮುರಿದ. ಅವನನ್ನು ಎಲ್ಲರೂ ಕರೆಯುವುದೇ ಅನುಮಾನದಣ್ಣ ಎಂದು. ಒಂದು ಅಂಗಡಿಯಲ್ಲಿ ಕೊಂಡ ಸಕ್ಕರೆಯನ್ನು ಇನ್ನೊಂದು ಅಂಗಡಿಯಲ್ಲಿ ತೂಗಿಸುವ ಆಸಾಮಿ.

ಅವನ ನಾದಿನಿ ಗುಡ್ಡದ ರೇಡಾರ್ ಕೇಂದ್ರದಲ್ಲಿ ತಂತ್ರಜ್ಞೆ. ರಜೆಗೆಂದು ಅಕ್ಕನ ಮನೆಗೆ ಬಂದಿದ್ದಳು.

“ಭಾವ, ಎಲ್ಲರೂ ಎದುರಿನ ಶಾಲೆ ಕಟ್ಟಡಕ್ಕೆ ಹೋಗೋಣ. ಏಳಿ.”

“ಇಟ್ಟಿಗೆ ನಿಮ್ಮ ಆಫೀಸಿನವರು ಕಾಯ್ತಾರಾ? ಗುಡ್ಡದ ಮೇಲೆ ಆ ಬಿಳಿ ಗುಮ್ಮಟ ಎದ್ದಾಗಿಂದ ನಂಗೆ ಡೌಟು. ಮೋಡ ಓಡಿಸೋಕೋ, ನಮ್ಮ ಮನೆ ಇಣುಕೋಕೋ, ಯಾರಿಗ್ಗೊತ್ತು. ನೀನೋ ಅಲ್ಲಿ ಸಂಬಳ ತಗೊಳ್ಳೋಳು.”

“ಇಣುಕೋಕೆ ಅದರಲ್ಲಿ ಕ್ಯಾಮೆರಾ ಇಲ್ಲ ಭಾವ. ರೇಡಿಯೋ ಅಲೆ ಕಳಿಸುತ್ತೆ, ಮಳೆಹನಿಗೆ ತಾಗಿ ವಾಪಸ್ ಬಂದದ್ದನ್ನ ಹಿಡಿಯುತ್ತೆ. ಅಷ್ಟೇ.”

“ಹಳೇ ರೇಡಾರೂ ಅದನ್ನೇ ಮಾಡ್ತಿತ್ತಲ್ಲ. ಇದು ಯಾಕೆ ಬೇಕಿತ್ತು?”

ಪ್ರಶ್ನೆ ನ್ಯಾಯವಾದದ್ದೇ.

“ಹಳೇದು ಮಳೆ ಎಲ್ಲಿದೆ, ಎಷ್ಟು ಜೋರು ಅಂತ ಹೇಳ್ತಿತ್ತು. ಮೋಡದೊಳಗಿನ ಗಾಳಿ ಅದಕ್ಕೆ ಸಿಗ್ತಿರಲಿಲ್ಲ. ಇದು ಡಾಪ್ಲರ್. ನಿಮ್ಮ ಲಾರಿ ಹಾರ್ನ್ ಒತ್ಕೊಂಡೇ ಓಡುತ್ತಲ್ಲ, ಬರ್ತಿದೆಯೋ ಹೋಗ್ತಿದೆಯೋ ಕಣ್ಣು ಮುಚ್ಚಿದ್ರೂ ಹೇಗೆ ಗೊತ್ತಾಗುತ್ತೆ?”

“ಬರುವಾಗ ಸದ್ದು ಕೀರಲು. ದಾಟಿದ್ಮೇಲೆ ದಪ್ಪ.”

“ಹನಿಗೆ ತಾಗಿ ಬರೋ ಅಲೆನೂ ಹಾಗೇ ಬದಲಾಗುತ್ತೆ. ಹನಿ ರೇಡಾರ್ ಕಡೆ ಬರ್ತಿದೆಯಾ, ದೂರ ಹೋಗ್ತಿದೆಯಾ, ಎಷ್ಟು ವೇಗ, ಎಲ್ಲ ಅದರಿಂದ ಗೊತ್ತಾಗುತ್ತೆ. ಹನಿನ ತಳ್ಳೋದು ಗಾಳಿ ತಾನೆ?”

“ಹೋದ ತಿಂಗಳೂ ಗಾಳಿ ಅಂದ್ರು. ಒಂದು ಎಲೆ ಅಲ್ಲಾಡಲಿಲ್ಲ.”

“ಇಲ್ಲಿ ಬರಲಿಲ್ಲ, ನಿಜ. ಯಾರ ಮನೆ ಮೇಲೆ ಅಂತ ಅದು ಬೊಟ್ಟು ಮಾಡಿ ತೋರಿಸಲ್ಲ. ಬರೀ ಮಳೆಯಾಗಿದ್ರೆ ನಾನೂ ನಿಮ್ಮ ಜೊತೆ ಕೂತು ಟಾರ್ಪಾಲು ಹಿಡೀತಿದ್ದೆ. ಬರ್ತಿರೋದು ಗಾಳಿ. ಟಾರ್ಪಾಲು ಉಬ್ಬಿ ಸಾಲನ್ನ ಎಳೆದ್ರೆ, ಅದು ಬೀಳೋದು ಯಾರ ಮೇಲೆ?”

ಅನುಮಾನದಣ್ಣ ತಿರುಗಿ ನೋಡಿದ. ಅವನ ಅವ್ವ ಆಗಲೇ ಸಾಲಿಗೆ ಬೆನ್ನು ಕೊಟ್ಟು ಕೂತಿದ್ದಳು.

“ಅವ್ವನ್ನ ಕರ್ಕೊಂಡು ಹೋಗು. ನಾನು ಇಲ್ಲೇ ಇರ್ತೀನಿ.”

“ನೀನು ಎದ್ರೆ ನಾನು ಏಳ್ತೀನಿ,” ಎಂದಳು ಅವ್ವ.

ಗೊಣಗುತ್ತಲೇ ಎದ್ದ. ಶಾಲೆಯ ಕೋಣೆ ಸೇರಿ ಬಾಗಿಲು ಹಾಕಿದ್ದಷ್ಟೇ, ಮಳೆಗಿಂತ ಮೊದಲು ಗಾಳಿ ನುಗ್ಗಿತು. ಕಿಟಕಿಯ ಸಂದಿಯಿಂದ ಎಲ್ಲರೂ ನೋಡಿದರು: ಟಾರ್ಪಾಲು ಹಾರಿತು, ಸಾಲಿಗೆ ಸಾಲೇ ಮಗುಚಿತು. ಅವ್ವ ಕೂತಿದ್ದ ಜಾಗ ಇಟ್ಟಿಗೆಯಡಿ ಮುಚ್ಚಿಹೋಯಿತು.

ಅನುಮಾನದಣ್ಣ ಬಹಳ ಹೊತ್ತು ಅವ್ವನ ಕೈ ಬಿಡಲಿಲ್ಲ. ಆಮೇಲೆ ನಾದಿನಿಗೆ ಹೇಳಿದ, “ಇನ್ನು ಸಂದೇಶ ಬಂದ್ರೆ ಎದ್ದು ಬರ್ತೀನಿ. ಆದ್ರೆ ಪ್ರಶ್ನೆ ಮಾತ್ರ ಕೇಳೋನೇ.”

ಬಂಧುಗಳೇ, ನೀವೂ ಕೇಳಿ. ಅನುಮಾನ ಪಡುವುದು ತಪ್ಪಲ್ಲ. ಆದರೆ ಬಿರುಗಾಳಿಯ ಎಚ್ಚರಿಕೆ ಬಂದಾಗ ಮೊದಲು ಮನೆಯವರೆಲ್ಲರನ್ನೂ ಗಟ್ಟಿ ಕಟ್ಟಡದೊಳಗೆ ಸೇರಿಸಿ. ಅನುಮಾನವನ್ನು ಅಲ್ಲಿ ಕೂತು ಎಷ್ಟು ಬೇಕಾದರೂ ಪಡಬಹುದು.