ಪೆಟ್ಟಿಗೆಗೊಂದು ಸಹಿ

ಸನತ್‌ನಗರದ ಹಳೆಯ ಕಟ್ಟಡದ ನಾಲ್ಕನೇ ಮಹಡಿಯಿಂದ ಸುಂದರಾಬಾಯಿ ಆ ದಿನ ಹನ್ನೊಂದನೇ ಸಲ ಇಳಿಯುತ್ತಿದ್ದಳು. ಎದೆಗವುಚಿದ ಪೆಟ್ಟಿಗೆಯಲ್ಲಿ ಹನ್ನೆರಡು ಹಾರ್ಡ್ ಡಿಸ್ಕ್. ಲಿಫ್ಟ್ ಇತ್ತು. ಅದು ಕುಲುಕುತ್ತದೆ, ಡಿಸ್ಕಿಗೆ ಪೆಟ್ಟಾಗುತ್ತದೆ ಎಂದು ಮ್ಯಾನೇಜರ್ ನರಸಿಂಹ ಮೆಟ್ಟಿಲು ತೋರಿಸಿದ್ದ. ಸುಂದರಾಬಾಯಿಯ ಮಂಡಿಯ ಬಗ್ಗೆ ಅವನು ಏನೂ ಹೇಳಿರಲಿಲ್ಲ.

ಕಂಪನಿಯ ಸರ್ವರ್‌ಗಳಲ್ಲಿ ಒಂದು ಆಸ್ಪತ್ರೆಯ ಹತ್ತು ವರ್ಷದ ಸ್ಕ್ಯಾನ್ ಚಿತ್ರಗಳಿದ್ದವು. ಅವೆಲ್ಲ ಸಿಕಂದರಾಬಾದಿನ ಹೊಸ ಸರ್ವರ್‌ಗಳಿಗೆ ಕಾಪಿ ಆಗಬೇಕಿತ್ತು. ಕೇಬಲ್ಲಿನಲ್ಲಿ ಕಳಿಸಿದರೆ ನಲವತ್ತು ದಿನ. ಆಸ್ಪತ್ರೆ ಕೊಟ್ಟಿದ್ದು ಒಂದು ವಾರ. ಹಾಗಾಗಿ ಡಿಸ್ಕಿಗೆ ತುಂಬಿ ವ್ಯಾನಿನಲ್ಲಿ ಒಯ್ಯುವುದೆಂದಾಯಿತು. ಹೊರುವ ಎಂಟೂ ಜನ ಬೀದರ್, ಯಾದಗಿರಿ ಕಡೆಯ ಗುತ್ತಿಗೆಯವರು. ನರಸಿಂಹನೂ ರಾಯಚೂರಿನವನೇ. ಕೆಲಸ ಹೇಳುವಾಗ ಕನ್ನಡ, ಬೈಯುವಾಗ ಇಂಗ್ಲಿಷ್.

ಮೂರನೇ ದಿನ ಸಿಕಂದರಾಬಾದಿನಲ್ಲಿ, ಸುಂದರಾಬಾಯಿ ಬೆಳಿಗ್ಗೆ ಹೊತ್ತಿದ್ದ ಪೆಟ್ಟಿಗೆಯ ಒಂದು ಡಿಸ್ಕನ್ನು ಕಂಪ್ಯೂಟರ್ ಓದಲಿಲ್ಲ. ನರಸಿಂಹ ಒಂದು ಹಾಳೆ ಹಿಡಿದು, ಮಧ್ಯಾಹ್ನದ ಪೆಟ್ಟಿಗೆ ತಂದು ಅಲ್ಲೇ ನಿಂತಿದ್ದ ವ್ಯಾನಿನ ಹತ್ತಿರ ಬಂದ.

"ಸೈನ್ ಹಾಕು, ಬಾಯಿ."

"ಏನ್ ಬರ್ದೀರಿ ಸರ, ಇದ್ರಾಗ?"

"ಏನಿಲ್ಲ, ಸುಮ್ನ ಫಾರ್ಮಾಲಿಟಿ."

ಸುಂದರಾಬಾಯಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿದವಳು. ಹಾಳೆ ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲೇ ಲ್ಯಾಪ್‌ಟಾಪ್ ಹಿಡಿದು ಪೆಟ್ಟಿಗೆಗಳ ನಂಬರ್ ನೋಡುತ್ತಿದ್ದ ಮೈಸೂರಿನ ಎಂಜಿನಿಯರ್ ಕಾವ್ಯಾಳಿಗೆ ಕೊಟ್ಟಳು.

"ನೀವು ಪೆಟ್ಟಿಗೆ ಬೀಳಿಸಿದ್ರಿ ಅಂತ ಇದೆ, ಅಮ್ಮ. ಕೆಲಸದಿಂದ ತೆಗೀತಾರಂತೆ."

"ನಾ ಬೀಳಿಸಿಲ್ಲ. ಆ ಫೋಟೋ ಎಲ್ಲಾ ಹೋದ್ವೇನವ್ವಾ?"

"ಒಂದೂ ಹೋಗಿಲ್ಲ. ಪ್ರತಿಯೊಂದಕ್ಕೂ ಮೂರು ಕಾಪಿ, ಬೇರೆ ಬೇರೆ ಸರ್ವರ್‌ನಲ್ಲಿ ಇರುತ್ತೆ. ಇನ್ನೊಂದರಿಂದ ಮತ್ತೆ ತುಂಬಿಕೊಂಡ್ರಾಯ್ತು. ಅರ್ಧ ದಿನದ ಕೆಲಸ."

"ಮತ್ತ ನನ್ನ ಯಾಕ ತೆಗೀತಾರ?"

ಕಾವ್ಯಾ ಲ್ಯಾಪ್‌ಟಾಪಿನಲ್ಲಿ ಆ ಡಿಸ್ಕಿನ ದಾಖಲೆ ತೆರೆದಳು. ಅವಳದೂ ಗುತ್ತಿಗೆ, ಆ ತಿಂಗಳಿಗೇ ಮುಗಿಯುವಂಥದು. ಆದರೂ ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದಳು.

"ಸರ್, ಈ ಡಿಸ್ಕ್ ಬೆಳಿಗ್ಗೆ ಸನತ್‌ನಗರದಲ್ಲೇ ಕೆಟ್ಟಿತ್ತು. ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿದೆ. ಆದ್ರೂ ಕಳಿಸಿ ಅಂತ ಬಟನ್ ಒತ್ತಿದ್ದು ನೀವು. ನಿಮ್ಮ ಹೆಸರೇ ಇದೆ."

ನರಸಿಂಹ ಇಂಗ್ಲಿಷಿಗೆ ಇಳಿದ. ಹೊರುವವರಲ್ಲೊಬ್ಬನಾದ ತಾಯಪ್ಪ ವ್ಯಾನಿನ ಬಾಗಿಲು ಮುಚ್ಚಿ ಅದಕ್ಕೇ ಒರಗಿ ಕೂತು ತಂಬಾಕು ತಿಕ್ಕತೊಡಗಿದ. ಉಳಿದವರೂ ಸಾಲಾಗಿ ಕೂತರು. ಒಳಗೆ ನಲವತ್ತು ಪೆಟ್ಟಿಗೆ. ನಾಲ್ಕು ಗಂಟೆಗೆ ಆಸ್ಪತ್ರೆಯವರು ಕೆಲಸ ನೋಡಲು ಬರುವವರಿದ್ದರು. ಮೂರೂಕಾಲಾಗಿತ್ತು.

"ಏನ್ ಬೇಕೀಗ ನಿಮಗ?" ನರಸಿಂಹನಿಗೆ ಕನ್ನಡ ನೆನಪಾಯಿತು.

"ಮದಲ ಆ ಹಾಳಿ ಹರೀರಿ," ಎಂದಳು ಸುಂದರಾಬಾಯಿ. "ಇನ್ನ ಮ್ಯಾಲ ನಾವು ಹೊರೂಕಿಂತ ಮುಂಚೆ, ಒಳಗಿಂದು ಚಲೋ ಐತಿ ಅಂತ ಪೆಟ್ಟಿಗಿಗೊಂದು ಸಹಿ ಹಾಕ್ರಿ. ಆಮ್ಯಾಲ ನಾವು ಮುಟ್ತೀವಿ."

ಅವನು ಹಾಳೆ ಹರಿದ. ಕಾವ್ಯಾ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಪೆಟ್ಟಿಗೆಯ ದಾಖಲೆ ನೋಡಿ ಹೇಳಿದಳು, ಅವನು ಬಗ್ಗಿ ಬಗ್ಗಿ ಸಹಿ ಹಾಕಿದ. ಇಪ್ಪತ್ತು ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನಿಂತ.

"ಬಾಯಿ, ಎಲ್ಲಾ ಸೇರಿಸಿ ಒಂದ ಸಹಿ ಹಾಕಿಬಿಡ್ಲಿ?"

ಸುಂದರಾಬಾಯಿ ಇಪ್ಪತ್ತೊಂದನೆಯದನ್ನು ಅವನ ಮುಂದಿಟ್ಟಳು.

"ನಮಗೂ ಎಲ್ಲಾ ಸೇರಿಸಿ ಒಂದ ಸಲ ಹೊರಾಕ ಬರಂಗಿಲ್ರಿ ಸರ."