ಅತ್ತೆ ಕಾರ್ಡು, ಸೊಸೆ ಕಾರ್ಡು

ಅತ್ತೆಯ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ಸೊಸೆ ಇನ್ನೊಮ್ಮೆ ಖಚಿತಪಡಿಸಿಕೊಂಡಳು. ಗೊರಕೆ ಕೇಳಿಸುತ್ತಿತ್ತು. ಮಧ್ಯಾಹ್ನದ ಮಾತ್ರೆ ನುಂಗಿ ಮಲಗಿದರೆ ಅತ್ತೆ ಏಳುವುದು ನಾಲ್ಕಕ್ಕೆ. ಈಗ ಎರಡೂ ಹತ್ತು. ದಿಂಬಿನ ಪಕ್ಕದಿಂದ ಎತ್ತಿಕೊಂಡು ಬಂದ ಆಟದ ಯಂತ್ರ ಕೈಯಲ್ಲಿ ಬೆಚ್ಚಗಿತ್ತು. ಬೆಚ್ಚಗಿದ್ದದ್ದು ಯಂತ್ರವೋ ತನ್ನ ಅಂಗೈಯೋ ಅವಳಿಗೆ ತಿಳಿಯಲಿಲ್ಲ.

ಆ ಯಂತ್ರವನ್ನು ಮುಟ್ಟುವ ಹಕ್ಕು ಮನೆಯಲ್ಲಿ ಒಬ್ಬರಿಗೇ ಇತ್ತು. ಅತ್ತೆ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳುಕಾಳಿನಷ್ಟು ತಿರುಪನ್ನು ಚಿಮುಟದಲ್ಲಿ ಎತ್ತಿ ಕೂರಿಸುತ್ತಿದ್ದ ಅವರ ಬಲಗೈ ಮೂರು ವರ್ಷದ ಕೆಳಗೆ ನಡುಗತೊಡಗಿತು. ಅಂಗಡಿ ಬಿಟ್ಟುಕೊಟ್ಟರು. ಸುಮ್ಮನೆ ಕೂತ ಅಮ್ಮನನ್ನು ನೋಡಲಾರದೆ ಮಗ ಇದನ್ನು ತಂದುಕೊಟ್ಟ. ಅಂಗೈಯಗಲದ ಯಂತ್ರ, ಅವನು ಚಿಕ್ಕವನಿದ್ದಾಗಿನ ಹಳೆಯ ವಿಡಿಯೋ ಆಟಗಳೆಲ್ಲ ಅದರೊಳಗೆ. ಅತ್ತೆ ಆಡಿದ್ದು ಒಂದೇ ಆಟ: ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಾಲು ಜೋಡಿಸುವುದು. ದಿನಾ ಬೆಳಿಗ್ಗೆ ಒಂದಾಟ. ಮುಗಿದ ಮೇಲೆ ಎರಡು ಗುಂಡಿ ಒಟ್ಟಿಗೆ ಒತ್ತಿ, ಅಂಕವೂ ತಾರೀಖೂ ಇರುವ ಪರದೆಯ ಚಿತ್ರ ಹಿಡಿದಿಡುವುದು.

"ಗಡಿಯಾರ ಸರಿಯಾಗಿ ಓಡ್ತಿದೆಯಾ ಅಂತ ದಿನಾ ಒಂದೇ ಹೊತ್ತಿಗೆ ನೋಡ್ಬೇಕು. ಕೈಯೂ ಅಷ್ಟೇ ಕಣೇ," ಎನ್ನುತ್ತಿದ್ದರು.

ನರರೋಗದ ಡಾಕ್ಟರಿಗೆ ಇದು ಬಹಳ ಹಿಡಿಸಿತ್ತು. ಮುಂದಿನ ಸಲ ಬರುವಾಗ ಮೂರು ವರ್ಷದ ಚಿತ್ರಗಳನ್ನೂ ತನ್ನಿ, ನನ್ನೆದುರು ಒಂದಾಟ ಆಡಿ ತೋರಿಸಿ, ತಲೆಯ ಆಪರೇಷನ್ ಬೇಕೋ ಬೇಡವೋ ಆಮೇಲೆ ನೋಡೋಣ ಎಂದಿದ್ದರು. ಆ ಮುಂದಿನ ಸಲ ಎಂದರೆ ನಾಳೆ ಬೆಳಿಗ್ಗೆ ಹತ್ತು ಗಂಟೆ.

ಸೊಸೆ ಹಗ್ಗ ಕಂಡರೂ ಹಾವೆಂದು ಹಾರುವವಳು. ಹಾಗಾಗಿ ಬೇರೆಯವರ ಕಣ್ಣಿಗೆ ಬೀಳದ್ದು ಅವಳಿಗೆ ಬಿದ್ದಿತ್ತು. ಎರಡು ತಿಂಗಳಿಂದ, ಅತ್ತೆ ಗುಂಡಿ ಒತ್ತಿ ಒಂದು ರೆಪ್ಪೆ ಬಡಿದ ಮೇಲೆ ಇಟ್ಟಿಗೆ ತಿರುಗುತ್ತಿತ್ತು. ಅಷ್ಟರಲ್ಲಿ ಅದು ತಪ್ಪಾದ ಕಡೆ ಕೂತಿರುತ್ತಿತ್ತು. ಅತ್ತೆ ತುಟಿ ಕಚ್ಚಿಕೊಂಡು ತಮ್ಮ ಕೈಯನ್ನು ದುರುಗುಟ್ಟಿ ನೋಡುತ್ತಿದ್ದರು. ತಪ್ಪು ಕೈಯದ್ದಲ್ಲದೆ ಯಂತ್ರದ್ದೇ ಆಗಿದ್ದರೆ? ಯಂತ್ರದ ತಪ್ಪಿಗೆ ತಲೆಗೆ ತೂತು ಕೊರೆದರೆ?

ಅವಳು ಮುಳ್ಳಣ್ಣನಿಗೆ ಫೋನ್ ಮಾಡಿದ್ದಳು. ಗಡಿಯಾರದ ಮುಳ್ಳು ಕೂರಿಸುವುದರಲ್ಲಿ ಎತ್ತಿದ ಕೈ, ಮಾತೂ ಮುಳ್ಳೇ, ಹಾಗಾಗಿ ಆ ಹೆಸರು. ಅತ್ತೆಯ ಬಳಿ ಕೆಲಸ ಕಲಿತವನು, ಈಗ ಅದೇ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ. ಐವತ್ತು ದಾಟಿದೆ.

"ಯಂತ್ರ ನಡೆಸೋಕೆ ಅಂತ ಕಂಪನಿ ಹಾಕಿಕೊಟ್ಟ ಫರ್ಮ್‌ವೇರ್ ಅಲ್ವಾ ತಂಗೀ, ಅದು ಕುಂಭಕರ್ಣನ ತಮ್ಮ," ಎಂದಿದ್ದ. "ಒಳಗೆ ಕಸ ತುಂಬಿದಷ್ಟೂ ತೂಕಡಿಸುತ್ತೆ. ಗುಂಡಿ ಇವತ್ತು ಒತ್ತಿದ್ರೆ ಅದಕ್ಕೆ ನಾಳೆ ಗೊತ್ತಾಗುತ್ತೆ. ಆಟದ ಹುಚ್ಚಿರೋರು ಸೇರ್ಕೊಂಡು ಬರೆದಿರೋ ಬೇರೆ ಫರ್ಮ್‌ವೇರ್ ಇದೆ, ಕಳಿಸ್ತೀನಿ. ಯಂತ್ರದಲ್ಲಿ ಎರಡು ಕಾರ್ಡು ಇರುತ್ತೆ. ಒಂದರಲ್ಲಿ ಫರ್ಮ್‌ವೇರ್, ಇನ್ನೊಂದರಲ್ಲಿ ಆಟ. ಫರ್ಮ್‌ವೇರ್ ಕಾರ್ಡಿನ ಮೇಲೆ ಹೊಸದನ್ನ ಬರೀರಿ, ಅಷ್ಟೇ. ಕಾರ್ಡು ಕಂಪ್ಯೂಟರಿಗೆ ಹಾಕಿದ ಕೂಡಲೇ ಏನೇನೋ ಕಿಟಕಿ ಎದ್ದು ಬರುತ್ತೆ. ಯಾವುದನ್ನೂ ಮುಟ್ಟಬೇಡಿ, ಮುಚ್ಚಿಬಿಡಿ."

ಅವಳು ಅದನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡಿದ್ದಳು. ಯಾವುದನ್ನೂ ಮುಟ್ಟಬೇಡಿ ಎಂಬುದರ ಕೆಳಗೆ ಎರಡು ಗೆರೆ.

ಅಡುಗೆಮನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎರಡೂ ಕಾರ್ಡುಗಳನ್ನು ಹೊರಗೆಳೆದಳು. ಕಿರುಬೆರಳ ಉಗುರಿನಷ್ಟು, ಕಪ್ಪಗೆ, ಅವಳಿಜವಳಿ. ಯಾವುದು ಯಾವ ಕಿಂಡಿಯದ್ದು ಎಂದು ನೋಡುವ ಮೊದಲೇ ಒಂದು ಕೈಜಾರಿ ಇನ್ನೊಂದರ ಪಕ್ಕ ಬಿತ್ತು. ತಿರುಗಿಸಿ ನೋಡಿದರೆ ಬೆನ್ನ ಮೇಲೆ ಬಿಳಿ ಶಾಯಿಯಲ್ಲಿ, ಸೂಜಿಮೊನೆಯಂಥ ಅಕ್ಷರದಲ್ಲಿ, ಅತ್ತೆಯ ಕೈಬರಹ. ಒಂದರ ಮೇಲೆ 'ಅ', ಇನ್ನೊಂದರ ಮೇಲೆ 'ಸೊ'.

ಉಸಿರು ಹಿಂದಕ್ಕೆ ಬಂತು. ಅವಳು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಶೀಷೆಯ ಚೀಟಿಯನ್ನು ಮೂರು ಸಲ ಓದದೆ ಯಾರ ಕೈಗೂ ಕೊಟ್ಟವಳಲ್ಲ. ಚೀಟಿ ಇದ್ದರೆ ಅವಳಿಗೆ ಧೈರ್ಯ. ಈ ಚೀಟಿಯ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅದು ಅವಳ ಗಂಡ ಶುರುಮಾಡಿದ ತಮಾಷೆ. ಮನೆಯಲ್ಲಿ ಯಾವುದೇ ಜೋಡಿ ಇರಲಿ, ಹಳೆಯದು ಅತ್ತೆ, ಹೊಸದು ಸೊಸೆ. ಹಳೆಯ ಛತ್ರಿ ಅತ್ತೆ, ಹೊಸ ಛತ್ರಿ ಸೊಸೆ. ಯಂತ್ರದ ಜೊತೆಗೇ ಬಂದ ಹಳೆಯ ಕಾರ್ಡಿನಲ್ಲಿ ಫರ್ಮ್‌ವೇರ್ ಇತ್ತು. ಆಟಕ್ಕೂ ಚಿತ್ರಗಳಿಗೂ ಎಂದು ಗಂಡ ಆಮೇಲೆ ಹೊಸದೊಂದು ತಂದಿದ್ದ. ಅಂದಮೇಲೆ ಬರೆಯಬೇಕಾದದ್ದು 'ಅ' ಮೇಲೆ. ಮೂರು ಸಲ ಓದಿದಳು. 'ಸೊ' ಕಾರ್ಡಿಗೆ ಕೂದಲೂ ಕೊಂಕಬಾರದೆಂದು ಅದನ್ನು ಮಾತ್ರೆಯ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟಳು.

'ಅ'ವನ್ನು ಕಂಪ್ಯೂಟರಿಗೆ ಹಾಕಿದಳು. ಕಿಟಕಿಯೊಂದು ಎದ್ದು ಬಂತು. ಅದರಲ್ಲಿ ಏನಿದೆ ಎಂದು ಕಣ್ಣು ಹಾಯಿಸುವ ಮುನ್ನವೇ, ಬೆಂಕಿ ಮುಟ್ಟಿದವಳಂತೆ ಮುಚ್ಚಿಬಿಟ್ಟಳು. ಈ ಕಾರ್ಡಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಕಂಪ್ಯೂಟರ್ ಕೇಳಿತು. ಬೆರಳು ಅಲ್ಲೇ ನಿಂತಿತು. ಅತ್ತೆಯ ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಒಪ್ಪಿಗೆ ಒತ್ತಿದಳು.

ಹಸಿರು ಗೆರೆ ಇರುವೆಯ ಹಾಗೆ ತೆವಳಿತು. ಶೇಕಡಾ ಮೂವತ್ತೆಂಟರಲ್ಲಿ ನಿಂತೇಬಿಟ್ಟಿತು. ಈಗ ಕರೆಂಟು ಹೋದರೆ? ಅವಳು ಕುರ್ಚಿ ಬಿಟ್ಟು ಏಳಲಿಲ್ಲ, ಏಳುವ ಗಾಳಿಗೇ ಏನಾದರೂ ಕದಲೀತೆಂದು. ಮೂವತ್ತೊಂಬತ್ತು. ಐವತ್ತು. ನೂರು.

ಕಾರ್ಡುಗಳನ್ನು ಯಂತ್ರಕ್ಕೆ ಸೇರಿಸಿ ಗುಂಡಿ ಅದುಮಿದಳು. ಕಪ್ಪು. ಇನ್ನೂ ಕಪ್ಪು. ಆಮೇಲೆ ಹೊಸ ಪರದೆ ಚಕ್ಕನೆ ಬೆಳಗಿತು, ಗುಂಡಿ ಒತ್ತಿದರೆ ಒತ್ತಿದಷ್ಟೇ ಬೇಗ ಓಗೊಟ್ಟಿತು. ಅವಳು ನಕ್ಕೇಬಿಟ್ಟಳು. ನಗು ಮುಗಿಯುವ ಮೊದಲು ಪರದೆಯ ಮೇಲಿದ್ದ ಸಾಲು ಓದಿದಳು: ಆಟಗಳು ಇಲ್ಲ. ಚಿತ್ರಗಳು ಇಲ್ಲ.

ಇನ್ನೊಂದು ಸಲ ಆರಿಸಿ ಹಚ್ಚಿದಳು. ಇಲ್ಲ. ಇಲ್ಲ.

ಚಪ್ಪಲಿ ಯಾವುದು ಮೆಟ್ಟಿದಳೋ, ಬಾಗಿಲು ಹಾಕಿದಳೋ ಇಲ್ಲವೋ. ಯಂತ್ರ ಹಿಡಿದು ಎರಡು ಬೀದಿ ದಾಟಿ ಅಂಗಡಿ ತಲುಪಿದಾಗ ಮೂರಾಗಲು ಐದು ನಿಮಿಷ. ಮುಳ್ಳಣ್ಣ ಎರಡೂ ಕಾರ್ಡು ನೋಡಿ, ಅವಳ ಮುಖ ನೋಡಿ, ತನ್ನ ಸ್ಟೂಲನ್ನು ಅವಳತ್ತ ತಳ್ಳಿದ.

"ಕೂತ್ಕೊಳ್ಳಿ. ಆಟದ ಕಾರ್ಡಿನ ಮೇಲೇ ಬರೆದಿದೀರಿ."

"ಅ ಅಂತ ಇತ್ತು ಅಣ್ಣ. ಮೂರು ಸಲ ಓದಿದೆ."

"ಎದ್ದು ಬಂದ ಕಿಟಕೀಲಿ ಚಿತ್ರ ಕಾಣಿಸಿರ್ಬೇಕಲ್ಲ?"

"ಮುಟ್ಟಬೇಡಿ ಅಂದಿದ್ರಿ. ಮುಚ್ಚಿದೆ."

ಮುಳ್ಳಣ್ಣ ಹಣೆ ಚಚ್ಚಿಕೊಂಡ. "ನಾನು ಹೇಳಿದ್ದನ್ನ ಇಷ್ಟು ಶ್ರದ್ಧೆಯಿಂದ ನನ್ನ ಹೆಂಡತಿಯೂ ಕೇಳಿಲ್ಲ." ಅವಳ ಕಣ್ಣು ತುಂಬಿದ್ದು ಕಂಡು ದನಿ ತಗ್ಗಿಸಿದ. "ಅಳಬೇಡಿ. ಹೊಸದು ಎಷ್ಟು ಜಾಗದ ಮೇಲೆ ಕೂತಿದೆಯೋ ಅಷ್ಟು ಹೋಯ್ತು. ಉಳಿದ ಜಾಗದಲ್ಲಿ ಇದ್ದದ್ದು ಇದ್ದಲ್ಲೇ ಇರುತ್ತೆ. ಪುಸ್ತಕದ ಪರಿವಿಡಿ ಹರಿದುಹೋದ್ರೆ ಪುಟ ಎಲ್ಲಿಗೆ ಹೋಗುತ್ತೆ? ಜಾಲಾಡಿ ನೋಡೋಣ."

ಮೂರೂಕಾಲಾಯಿತು. ಮೂರೂವರೆಯಾಯಿತು. ಗೋಡೆಯ ಮೇಲೆ ಅತ್ತೆಯ ಕಾಲದ ಏಳು ಗಡಿಯಾರಗಳು ಏಳು ಬಗೆಯಲ್ಲಿ ಟಿಕ್ಕೆನ್ನುತ್ತಿದ್ದವು. ಕಂಪ್ಯೂಟರಿನಲ್ಲಿ ಒಂದು ಚಿತ್ರ ಮೂಡಿತು. ಇಟ್ಟಿಗೆ, ಅಂಕ, ತಾರೀಖು. ಆಮೇಲೆ ಹತ್ತು, ನೂರು.

"ಮೊದಲಿನ ಒಂದು ವರ್ಷ ಹೋಗಿದೆ. ಆಮೇಲಿಂದು ಬಹಳ ಮಟ್ಟಿಗೆ ಇದೆ," ಎಂದ ಮುಳ್ಳಣ್ಣ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಾರೀಖಿನ ಸಾಲು ನೋಡುತ್ತ ಹೋದಳು. ದಿನಕ್ಕೊಂದು. ನಲವತ್ತು ಸಾವಿರ, ಮೂವತ್ತೆಂಟು ಸಾವಿರ. ಐದು ತಿಂಗಳ ಹಿಂದಕ್ಕೆ ಬಂದಾಗ ಏನೋ ಬದಲಾಯಿತು. ಒಂದೇ ತಾರೀಖಿಗೆ ನಾಲ್ಕು ಚಿತ್ರ. ಮರುದಿನ ಆರು. ಹನ್ನೊಂದು ಸಾವಿರ, ಒಂಬತ್ತು ಸಾವಿರ, ಏಳು, ಕೊನೆಯದು ಮಾತ್ರ ಇಪ್ಪತ್ತಾರು ಸಾವಿರ.

"ದಿನಕ್ಕೆ ಒಂದೇ ಆಟ ಆಡೋದು ಅವರು," ಎಂದಳು.

ಮುಳ್ಳಣ್ಣ ಇನ್ನೊಂದೆರಡು ದಿನದ ಚಿತ್ರ ತೆರೆದು ನೋಡಿದ. "ಕೊನೆಯದೊಂದು ಬಿಟ್ಟು ಇವೆಲ್ಲ ಅಳಿಸಿ ಹಾಕಿದವು ತಂಗೀ. ಜಾಲಾಡಿದ್ರೆ ಅಳಿಸಿದ್ದೂ ಎದ್ದು ಬರುತ್ತೆ. ಯಾವುದು ಯಾರಿಗೆ ಬೇಡವಾಗಿತ್ತು ಅಂತ ಯಂತ್ರಕ್ಕೇನು ಗೊತ್ತು?"

ಈಗ ಹತ್ತಿದ ಹೆದರಿಕೆಯ ಮುಂದೆ ಇಷ್ಟು ಹೊತ್ತಿನದು ಏನೂ ಅಲ್ಲವೆನ್ನಿಸಿತು. ಇಟ್ಟಿಗೆ ತಡವಾಗಿ ತಿರುಗತೊಡಗಿ ಎರಡು ತಿಂಗಳಷ್ಟೇ. ಅತ್ತೆ ಕಡಿಮೆ ಅಂಕದವನ್ನು ಅಳಿಸಲು ಶುರುಮಾಡಿ ಐದು.

ಮುಳ್ಳಣ್ಣ ಸಿಕ್ಕ ಚಿತ್ರಗಳನ್ನೂ ಆಟವನ್ನೂ ಬೇರೊಂದು ಕಾರ್ಡಿಗೆ ತುಂಬಿಕೊಟ್ಟ. "ಗುರುಗಳಿಗೆ ನಾನು ಹೇಳ್ಲಾ?" ಎಂದ. ಅವಳು ಬೇಡವೆಂದು ತಲೆಯಾಡಿಸಿದಳು.

ಮನೆಗೆ ಬಂದಾಗ ನಾಲ್ಕೂ ಹತ್ತು. ಅತ್ತೆ ಎದ್ದು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು.

"ಬಾಗಿಲು ಹಾರು ಹೊಡೆದಿತ್ತು. ಯಂತ್ರವೂ ಇಲ್ಲ, ನೀನೂ ಇಲ್ಲ. ಇಬ್ಬರೂ ಸೇರ್ಕೊಂಡು ಓಡಿಹೋದ್ರೇನೋ ಅಂದ್ಕೊಂಡೆ," ಎಂದರು.

ಸೊಸೆಗೆ ನಗು ಬರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ಕಾರ್ಡು, ಮುಚ್ಚಿದ ಕಿಟಕಿ, ಹೋದ ಒಂದು ವರ್ಷ. "ಹಳೇದು ಅತ್ತೆ, ಹೊಸದು ಸೊಸೆ ಅಲ್ವಾ? ಅ ಅಂದ್ರೆ ಹಳೇದು ಅಂದ್ಕೊಂಡೆ."

"ಅದು ನಿನ್ನ ಗಂಡನ ಲೆಕ್ಕ," ಎಂದರು ಅತ್ತೆ. "ಮನೆ ನಡೆಸೋಳು ಸೊಸೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ನೆನಪಿಟ್ಕೊಳ್ಳೋಳು ಅತ್ತೆ. ಯಂತ್ರ ನಡೆಸೋ ಕಾರ್ಡು ಸೊ, ಚಿತ್ರ ಇಟ್ಕೊಳ್ಳೋದು ಅ. ಇಷ್ಟು ವರ್ಷ ನನ್ನ ಜೊತೆ ಬಾಳಿ ಇದು ಗೊತ್ತಾಗ್ಲಿಲ್ವೇನೇ?"

"ಅತ್ತೆ, ಅಳಿಸಿದ್ದೂ ವಾಪಸ್ಸು ಬಂದಿದೆ."

ಅತ್ತೆಯ ಮುಖ ಬಿಳಿಚಿತು. ಅವರು ಹೆದರಿದ್ದನ್ನು ಸೊಸೆ ಅದುವರೆಗೆ ನೋಡಿರಲಿಲ್ಲ. ಎಡಗೈಯ ಹಿಡಿತ ಸಡಿಲಿತು, ಬಲಗೈ ಮಡಿಲಿನಲ್ಲಿ ಪಟಪಟನೆ ಅಲುಗತೊಡಗಿತು.

"ಅವನಿಗೆ ಹೇಳಿದೆಯಾ?" ಮಗನ ವಿಷಯ ಕೇಳುತ್ತಿದ್ದರು.

"ಇಲ್ಲ. ಡಾಕ್ಟರಿಗೂ ಇನ್ನೂ ಗೊತ್ತಿಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನಾನು ನೋಡು, ಕನ್ನಡಿನೇ ಒರೆಸ್ತಾ ಕೂತಿದ್ದೆ," ಎಂದರು ಅತ್ತೆ. "ತಲೆ ತೆರೀತಾರೆ ಕಣೇ. ಬಿಚ್ಚಿದ ಗಡಿಯಾರ ಎಲ್ಲಾನೂ ವಾಪಸ್ಸು ಓಡಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಸೊಸೆ ಪಕ್ಕದಲ್ಲಿ ಕೂತು ಯಂತ್ರವನ್ನು ಮುಂದೆ ಹಿಡಿದಳು. "ಒಂದಾಟ ಆಡಿ ಅತ್ತೆ. ಈಗ ಅದು ತಡ ಮಾಡಲ್ಲ."

ಅತ್ತೆ ಆಡಿದರು. ಗುಂಡಿ ಒತ್ತಿದ ಕೂಡಲೇ ಇಟ್ಟಿಗೆ ತಿರುಗಿತು. ಒಮ್ಮೆ ಒತ್ತಬೇಕಾದಲ್ಲಿ ಬೆರಳು ಮೂರು ಸಲ ಬಿದ್ದಾಗ, ಮೂರು ಸಲವೂ ತಿರುಗಿತು. ಮೊದಲಾದರೆ ತಡದ ನೆಪವಾದರೂ ಇತ್ತು. ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದರು. ಇಟ್ಟಿಗೆಗಳು ಎಡವಟ್ಟಾಗಿ ಪೇರಿಸಿಕೊಂಡು ಮೇಲಕ್ಕೆ ಮುಟ್ಟಿದವು. ಆರು ಸಾವಿರದ ನಾನೂರು.

ಅತ್ತೆಯ ಹೆಬ್ಬೆರಳು ಎರಡು ಗುಂಡಿಗಳನ್ನು ಹುಡುಕಿತು. ಒಂದು ಸಿಕ್ಕಿತು, ಇನ್ನೊಂದರಿಂದ ಬೆರಳು ಜಾರಿತು. ಮತ್ತೆ ಪ್ರಯತ್ನಿಸಿದರು. ಆಮೇಲೆ ಯಂತ್ರವನ್ನು ಸೊಸೆಯ ಮಡಿಲಿಗೆ ಸರಿಸಿದರು.

"ನೀನೇ ಒತ್ತು. ನಾಳೆ ಡಾಕ್ಟರಿಗೆ ಇದನ್ನೂ ತೋರಿಸ್ಬೇಕು."

ಸೊಸೆ ಎರಡೂ ಗುಂಡಿಗಳ ಮೇಲೆ ಬೆರಳಿಟ್ಟು, ತಾರೀಖನ್ನೂ ಅಂಕವನ್ನೂ ಮೂರು ಸಲ ಓದಿ, ಒಟ್ಟಿಗೆ ಒತ್ತಿದಳು.