ಹಸಿ ಬಟ್ಟೆಯೊಳಗಿನ ಹತ್ತಿಕಾಳು

ಮಗ ಹನುಮಂತು ಆದವಾನಿಯ ಹೈಸ್ಕೂಲಿನಲ್ಲಿ ಓದುತ್ತಾನೆ ಎಂದು ಹೊಳಗುಂದದ ಶಂಕರಮ್ಮ ಊರಿಗೆಲ್ಲ ಹೇಳಿಕೊಂಡಿದ್ದಳು. ಆದರೆ ಅವನು ಪ್ರತಿ ಶನಿವಾರ ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ನಿನಲ್ಲಿ ಕಾಳಿನ ಚೀಲ ತುಂಬುತ್ತಾನೆ ಎಂದು ನೆರೆಯವರು ನಕ್ಕರು. ಅವಳಿಗೆ ಅನ್ನ ಇಳಿಯಲಿಲ್ಲ. ಮಗನನ್ನು ಬಿಡಿಸಿಕೊಂಡೇ ಬರುವೆನೆಂದು ಭಾನುವಾರ ಆದವಾನಿಗೆ, ನೇರವಾಗಿ ಮೇಷ್ಟರು ಗುರುಪಾದಯ್ಯನವರ ಮನೆಗೆ ಬಂದಳು.

"ಯಾಕ್ರಿ ಮೇಷ್ಟ್ರ, ನನ್ನ ಮಗ ಓದಾಕ ಬಂದಾನೋ ಹಮಾಲಿಗೆ ಬಂದಾನೋ?"

"ಕುಂದ್ರವ್ವ. ಓದಾಕ ಬಂದಾನ, ಅದಕ್ಕ ಅಲ್ಲಿಗೆ ಕಳಿಸೀನಿ. ಶಾಲಿಯಾಗ ನಾನು ತಕ್ಕಡಿ ಚಿತ್ರ ಬರಸ್ತೀನಿ. ಅಲ್ಲಿ ತಕ್ಕಡೀನ ಹಿಡೀತಾನ."

"ಆ ಜಿನ್ನಿನ ಸಾಹುಕಾರ್ರಿಗೆ ಪುಕ್ಕಟೆ ಆಳು ಸಿಕ್ಕ, ಇನ್ನೇನು!"

"ಹಂಗಾದ್ರ ಅವರನ್ನ ಕೇಳೋಣ, ನಡಿ."

"ಸರೇ ನಡೀರಿ. ನಾನೇನು ಅಂಜತೀನೇನು?"

ಜಿನ್ನಿನ ಯಂತ್ರ ಅಂದು ನಿಂತಿತ್ತು. ಸಾಹುಕಾರ ಕೊಟ್ರಬಸಪ್ಪ ಅಂಗಳದಲ್ಲಿ ಕೂತಿದ್ದರು. ಅವರ ಮುಂದೆ ಒಂದು ಹಸಿ ಬಟ್ಟೆ ಬಿಚ್ಚಿಟ್ಟಿತ್ತು. ಅದರ ಮೇಲೆ ಹತ್ತಿಕಾಳು. ಅಲ್ಲೊಂದು ಇಲ್ಲೊಂದು ಮೊಳೆತಿತ್ತು, ಉಳಿದವು ಉಬ್ಬಿ ಕೊಳೆತಿದ್ದವು. ಕಾಳು ನೋಡಲೆಂದು ಬಂದಿದ್ದ ಹನುಮಂತು ಪಕ್ಕದಲ್ಲಿ ನಿಂತಿದ್ದ. ಬೈಯಲೆಂದು ಬಂದ ಶಂಕರಮ್ಮ ಬಗ್ಗಿ ಆ ಕಾಳು ನೋಡಿದಳು.

"ಇದು ನಿಮ್ಮೂರಿಗೆ ಬಿತ್ತಾಕ ಕೊಡಬೇಕಂತ ಇಟ್ಟ ಕಾಳವ್ವ" ಎಂದರು ಸಾಹುಕಾರರು. "ಮಳಿಗೆ ತೋಯ್ದ ಹತ್ತಿ ಇತ್ತು. ಕಾಳು ತಗದು ಗುಡ್ಡಿ ಹಾಕಿದ್ವಿ. ವಾಡಿಕಿ ಪ್ರಕಾರ ಮ್ಯಾಲಿನ ಕಾಳು ಹಲ್ಲಾಗ ಕಡದು ನೋಡಿದೆ, ಛಲೋ ಇತ್ತು. ಹೋದ ವಾರ ನಿನ್ನ ಮಗ ಚೀಲ ತುಂಬೂಮುಂದ ಒಳಗ ಕೈ ಹಾಕಿ, 'ಕಾವು ಐತ್ರಿ, ಕಾಳು ಸತ್ತಿರಬೌದು' ಅಂದ. ನಾನು ನಕ್ಕುಬಿಟ್ಟೆ. ಇವ ಬಿಡಲಿಲ್ಲ. ಒಳಗಿನ ಕಾಳು ತಗದು, ಶಾಲಿಯಾಗ ಕಲಿಸಿದಂಗ ಹಸಿ ಬಟ್ಟ್ಯಾಗ ಸುತ್ತಿಟ್ಟ. ಇವತ್ತ ಬಿಚ್ಚಿದ್ರ ಹಿಂಗೈತಿ."

ಶಂಕರಮ್ಮ ಕುಕ್ಕರಗಾಲಲ್ಲಿ ಕೂತು ಒಂದು ಕಾಳು ಹಿಸುಕಿದಳು. ಅದು ಬೆರಳಿಗೆ ಅಂಟಿತು.

"ಇದಕ್ಕ ಸಗಣಿ, ಕೆಮ್ಮಣ್ಣು ಹಚ್ಚಿ ಬಿತ್ತಿಬಿಡ್ತಿದ್ವಿ. ಒಳಗ ಸತ್ತೈತಂತ ಯಾರಿಗೆ ಗೊತ್ತಾಗ್ತಿತ್ತು? ಮಳಿ ಹದ ಹೋದಮ್ಯಾಲೆ ಮತ್ತ ಬಿತ್ತಾಕ ಆಗ್ತಿತ್ತೇನು?"

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಆಮೇಲೆ ಮಗನತ್ತ ತಿರುಗಿ ಕೇಳಿದಳು. "ಅಲ್ಲೋ ಹನುಮಂತು, ಇದನ್ನ ಶಾಲಿಯಾಗ ಕಲಿತಿದ್ದಿ. ಮತ್ತ ಇಲ್ಲಿಗೆ ಯಾಕ ಬರಬೇಕು?"

"ಅವ್ವಾ, ಶಾಲಿಯಾಗ ಮೊಳಕಿ ಬಂದ್ರ ಮಾರ್ಕು ಬರ್ತಿತ್ತು, ಅಷ್ಟ. ಬರದಿದ್ರ ಏನಾಗತೈತಂತ ಇಲ್ಲಿ ತಿಳೀತು. ಎಳಿ ಜಗ್ಗಿ ನೋಡಿ ಹತ್ತಿ ಜಾತಿ ಹೇಳೋದು ಸಾಹುಕಾರ್ರು ಕಲಿಸ್ಯಾರ. ಪಾಸಾದಮ್ಯಾಲೆ ಬೇಸಾಯದ ಕಾಲೇಜಿಗೆ ಹೋಗಬೇಕಂತ ಮನಸಾಗೇತಿ."

ಕೊಟ್ರಬಸಪ್ಪ ಎದ್ದು ಕೈ ಮುಗಿದರು. "ನಿನ್ನ ಮಗ ನಿಮ್ಮ ಹೊಲ ಉಳಿಸಿದ, ನನ್ನ ಮಾತೂ ಉಳಿಸಿದ. ಬ್ಯಾರೆ ಕಾಳು ತರಿಸ್ತೀನಿ. ಅದನ್ನೂ ಇವ ಬಟ್ಟ್ಯಾಗ ಹಾಕಿ ನೋಡಿದಮ್ಯಾಲೇ ಕೊಡೋದು."

ಶಂಕರಮ್ಮನ ಕಣ್ಣು ತುಂಬಿತು, ನಾಲಿಗೆ ಮಾತ್ರ ಸೋಲಲಿಲ್ಲ. "ನಿಮ್ಮ ಉಪಕಾರ ದೊಡ್ಡದು ಸಾಹುಕಾರ್ರ. ಆದ್ರ ಹೊರಲಾರದ ಹೊರಿ ಹೊರಿಸಬ್ಯಾಡ್ರಿ. ಪರೀಕ್ಷೆ ಬಂದಾಗ ಕರೀಬ್ಯಾಡ್ರಿ. ಊಟಕ್ಕ ಮಾತ್ರ ಮರೀದಂಗ ಕರೀರಿ!"

"ನಾನು ಹೇಳಬೇಕಾದ್ದನ್ನ ನೀನ ಹೇಳಿದೆವ್ವ" ಎಂದು ಮೇಷ್ಟರು ನಕ್ಕರು.

ಆ ವರ್ಷ ಹೊಳಗುಂದದ ಹೊಲಗಳಲ್ಲಿ ಹತ್ತಿ ಸಾಲು ತಪ್ಪದೆ ಹುಟ್ಟಿತು. ಹನುಮಂತು ಶನಿವಾರದ ಜಿನ್ನನ್ನೂ ಬಿಡಲಿಲ್ಲ, ಪಾಠವನ್ನೂ ಬಿಡಲಿಲ್ಲ.

ತಾಯಿತಂದೆಯರೇ, ಓದುವ ಮಗ ಕೆಲಸಕ್ಕೆ ಕೈ ಹಚ್ಚಿದರೆ ಓದು ಕೆಡುತ್ತದೆಂದು ಹೆದರಬೇಡಿ. ಏನು ಕಲಿತೆ ಎಂದು ಸಂಜೆ ಕೇಳಿ. ಅಂಗಡಿ, ಕಾರ್ಖಾನೆಯ ಯಜಮಾನರೇ, ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಗೆ ಬಾಗಿಲು ತೆರೆಯಿರಿ. ದುಡಿಸಿಕೊಳ್ಳಲು ಅಲ್ಲ, ಕಲಿಸಲು. ಅವನು ಏನಾದರೂ ಹೇಳಿದಾಗ ನಗುವ ಮೊದಲು ಒಮ್ಮೆ ಕೈ ಹಾಕಿ ನೋಡಿ.